ಟಕ್ಸ್ ಹಿಡಿಯದ ಖಣ

ಗಂಟು ಇರಲಿಲ್ಲ. ಕ್ಯಾನ್ಸರೂ ಇರಲಿಲ್ಲ. ಯಾರೂ ಮಾಟ ಮಾಡಿಸಿರಲಿಲ್ಲ, ದೇವಿ ಬಂದು ಉಳಿಸುವಂಥದ್ದೂ ಏನೂ ಆಗಿರಲಿಲ್ಲ. ನನ್ನ ಮೊಮ್ಮಗು ತನಗೆ ಬೇಡವಾಗಿದ್ದ ಎದೆಯನ್ನು ಆಸ್ಪತ್ರೆಗೆ ಹೋಗಿ ತೆಗೆಸಿಕೊಂಡು ಮನೆಗೆ ಬಂತು. ನಡೆದದ್ದು ಇಷ್ಟೇ. ಉಳಿದದ್ದೆಲ್ಲ ಜನ ಕಟ್ಟಿಕೊಂಡದ್ದು. ಅದಕ್ಕೆ ಮೊದಲ ಕಲ್ಲು ಇಟ್ಟವನು ನನ್ನ ಮಗ.

ನಾನು ಸಿಂದಗಿಯಲ್ಲಿ ಜಂಪರು ಹೊಲಿಯುವವಳು. ಹುಟ್ಟಿದ್ದು ತಂಗಡಗಿಯಲ್ಲಿ, ಹೊಳೆಯ ದಂಡೆಗೆ. ಮೂರನೇ ಇಯತ್ತೆ ಮುಗಿಯುವುದರೊಳಗೆ ಸಾಲೆ ಬಿಡಿಸಿದರು. ಅಕ್ಷರ ಕೂಡಿಸಿ ಬರೆಯಲು ಬರುತ್ತದೆ, ಅಷ್ಟು ಸಾಕು. ನನ್ನ ಗಂಡ ಗಂಡಸರ ಅಂಗಿ ಹೊಲಿಯುತ್ತಿದ್ದ. ಅವನು ಹೋದ ಮೇಲೆ ಮಷೀನು ನನ್ನ ಪಾಲಿಗೆ ಬಂತು, ನಾನು ಹೆಂಗಸರ ಜಂಪರಿಗೆ ಇಳಿದೆ. ನಮ್ಮ ಓಣಿಯ ಹೆಂಗಸರೆಲ್ಲರ ಎದೆಯ ಅಳತೆ ನನಗೆ ಗೊತ್ತು. ಟೇಪು ಸುತ್ತಿದ ಕೂಡಲೇ ಉಸಿರು ಒಳಗೆ ಎಳೆದುಕೊಂಡು ಕಂಬದಂತೆ ನಿಲ್ಲುತ್ತಾರೆ. “ಉಸರ ಬಿಡವಾ, ಇದೇನ ಪೋಲೀಸ್ ಭರ್ತಿ ಅಲ್ಲ” ಅನ್ನುತ್ತೇನೆ. ನಗುತ್ತಾರೆ, ಆಗ ಸರಿಯಾದ ಅಳತೆ ಸಿಗುತ್ತದೆ. ಕ್ಯಾನ್ಸರಿಗೆ ಒಂದು ಬದಿ ತೆಗೆಸಿಕೊಂಡವರೂ ಬರುತ್ತಾರೆ. ಅವರಿಗೆ ಆ ಬದಿಗೆ ಒಳಗೆ ಹತ್ತಿ ಇಟ್ಟು ಹೊಲಿದು ಕೊಡುತ್ತೇನೆ. ಎದೆ ಅಂದರೆ ನನಗೆ ಅಳತೆ. ಅದರಲ್ಲಿ ನಾಚಿಕೆಯೂ ಇಲ್ಲ, ದೊಡ್ಡಸ್ತಿಕೆಯೂ ಇಲ್ಲ.

ಮೊಮ್ಮಗುವನ್ನು ನಾನು ಮೊದಲಿನಿಂದ ಕೂಸು ಅಂತಲೇ ಕರೆದದ್ದು. ಹುಟ್ಟಿದಾಗ ಹೆಣ್ಣು ಎಂದು ಬರೆಸಿದ್ದರು. ಮಗ ಬಸವನ ಬಾಗೇವಾಡಿ ಹತ್ತಿರದ ಹಳ್ಳಿಯಲ್ಲಿ ಸಾಲಿ ಮಾಸ್ತರ. ಹೈಸ್ಕೂಲಿಗೆ ಸಿಂದಗಿ ಚಲೋ ಎಂದು ಕೂಸನ್ನು ನನ್ನ ಹತ್ತಿರ ಬಿಟ್ಟ. ಈಗ ಅದಕ್ಕೆ ಇಪ್ಪತ್ತಾರು ದಾಟಿದೆ. ಇಂಡಿಯಲ್ಲಿ ಡ್ರಿಪ್ ಪೈಪಿನ ಅಂಗಡಿಯಲ್ಲಿ ಕೆಲಸ. ಬೈಕಿನ ಮೇಲೆ ನಿಂಬೆ ತೋಟಗಳಿಗೆ ಹೋಗಿ ಪೈಪು ಜೋಡಿಸಿ, ಗಿಡಗಿಡಕ್ಕೂ ನೀರು ತೊಟ್ಟಿಕ್ಕುತ್ತದೋ ಇಲ್ಲವೋ ನೋಡಿ ಬರುತ್ತದೆ. ಆದರೂ ನನಗೆ ಕೂಸೇ.

ಹೈಸ್ಕೂಲಿಗೆ ಬಂದ ಹೊಸತರಲ್ಲಿ ಅದಕ್ಕೊಂದು ಅಂಗಿ ಕತ್ತರಿಸಿದ್ದೆ. ಟಕ್ಸ್ ಹಿಡಿಯಲು ಸೀಮೆಸುಣ್ಣದಿಂದ ಗುರುತು ಮಾಡುತ್ತಿದ್ದೆ. ಟಕ್ಸ್ ಅಂದರೆ ಎದೆಯ ಉಬ್ಬಿಗೆ ಬಟ್ಟೆ ಸರಿಯಾಗಿ ಕೂರಲಿ ಎಂದು ಒಳಗಿನಿಂದ ಹಿಡಿಯುವ ಮಡಿಕೆ.

“ಆಯಿ, ಅದನ್ನ ಹಿಡೀಬ್ಯಾಡ. ನೆಟ್ಟಗ ಹೊಲಿ.”

“ನೆಟ್ಟಗ ಹೊಲದ್ರ ಗಂಡಸರ ಅಂಗಿ ಆಗತೈತಿ.”

“ಆಗ್ಲಿ.”

“ಗುಂಡಿ ಯಾವ ಕಡೆ ಹಚ್ಚಲಿ? ಗಂಡಸರದ್ದು ಬಲಕ್ಕ, ಹೆಣ್ಮಕ್ಕಳದ್ದು ಎಡಕ್ಕ.”

ಅದು ಬಹಳ ಹೊತ್ತು ವಿಚಾರ ಮಾಡಿತು. ಅಷ್ಟು ವಿಚಾರ ಮಾಡುವಂಥ ಪ್ರಶ್ನೆಯನ್ನು ನಾನೇನೂ ಕೇಳಿರಲಿಲ್ಲ.

“ಗಂಡಾಗಬೇಕಂತಿಯೇನ?” ಎಂದೆ.

“ಇಲ್ಲ ಆಯಿ.”

“ಮತ್ತ ಹೆಣ್ಣ ಅದಿ, ಹೌದಲ್ಲ?”

“ಅದೂ ಅಲ್ಲ.”

“ಮತ್ತೇನು, ಗಾಡಿ ಎತ್ತಾ?”

ಕೂಸು ಬಿದ್ದು ಬಿದ್ದು ನಕ್ಕಿತು. “ಎರಡೂ ಅಲ್ಲ ಆಯಿ. ನಾ ಹಿಂಗ ಅದೇನಿ.”

ನಾನು ಗುಂಡಿಯ ಬದಲಿಗೆ ಜಿಪ್ಪು ಹಚ್ಚಿದೆ. ಗಿರಾಕಿ ಏನು ಕೇಳುತ್ತಾರೋ ಅದನ್ನು ಹೊಲಿಯುವುದು ನನ್ನ ಕೆಲಸ. ಅದು ಹೇಳಿದ್ದು ಆವತ್ತು ನನಗೆ ಪೂರಾ ತಿಳಿಯಲಿಲ್ಲ. ಆದರೆ ಸುಳ್ಳು ಹೇಳುವವರ ಮುಖ ನನಗೆ ಗೊತ್ತು. ಆ ಮುಖ ಅದಾಗಿರಲಿಲ್ಲ.

ನಮ್ಮ ಕಡೆ ಹೆಣ್ಣುಮಗಳು ಮನೆಗೆ ಬಂದರೆ ಬರಿಗೈಲಿ ಕಳಿಸುವುದಿಲ್ಲ. ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಎಲೆ-ಅಡಿಕೆ, ಮೇಲೊಂದು ಜಂಪರಿನ ಖಣ ಹಾಕಿ ಉಡಿ ತುಂಬುತ್ತಾರೆ. ಗಂಡಸರಿಗಾದರೆ ಟಾವೆಲ್ಲು, ಟೊಪ್ಪಿಗೆ. ಕೂಸು ಪ್ಯಾಂಟು ಶರ್ಟು ಹಾಕಿಕೊಂಡು ಹೋದರೂ ಬೀಗರ ಮನೆಗಳಲ್ಲಿ ಅದರ ಕೈಗೆ ಖಣವನ್ನೇ ಕೊಡುತ್ತಿದ್ದರು. ಅದು ತಂದು ನನ್ನ ಟ್ರಂಕಿಗೆ ಹಾಕುತ್ತಿತ್ತು. “ತಗೋ ಆಯಿ, ನನ್ನ ಪಗಾರ” ಅನ್ನುತ್ತಿತ್ತು. ಆ ಖಣಗಳಿಂದ ನಾನು ಎಷ್ಟೋ ಮಂದಿಗೆ ಜಂಪರು ಹೊಲಿದು ಕೊಟ್ಟಿದ್ದೇನೆ.

ಎದೆ ಕಾಣದಂತೆ ಅದು ಮಾಡುತ್ತಿದ್ದ ಹಿಕಮತ್ತು ನನಗೆ ಗೊತ್ತಿತ್ತು. ಕಾಲು ಉಳುಕಿದರೆ ಸುತ್ತುವ ಪಟ್ಟಿಯನ್ನು ಎದೆಗೆ ಬಿಗಿಯಾಗಿ ಸುತ್ತಿ, ಮೇಲೆ ಬನಿಯನ್, ಅದರ ಮೇಲೆ ಅಂಗಿ. ಇಂಡಿಯ ಬಿಸಿಲಿನಲ್ಲಿ. ಒಮ್ಮೆ ತೋಟದಲ್ಲಿ ಪೈಪು ಹಿಡಿದುಕೊಂಡೇ ಬಿತ್ತಂತೆ. ತೋಟದವರು ನೆರಳಿಗೆ ಎಳೆದು, ನಿಂಬೆಹಣ್ಣಿನ ಶರಬತ್ತು ಕುಡಿಸಿ ಕಳಿಸಿದ್ದರು. ಮನೆಗೆ ಬಂದಾಗ ಅಂಗಿ ಬಿಚ್ಚಿಸಿ ನೋಡಿದೆ. ಪಕ್ಕೆಲುಬಿನ ಮೇಲೆ ಪಟ್ಟಿಯ ಬರೆ ಎದ್ದಿತ್ತು, ಕಂಕುಳಲ್ಲಿ ಚರ್ಮ ಸುಲಿದಿತ್ತು. ಹಳ್ಳೆಣ್ಣೆ ಹಚ್ಚಿದೆ. ಇದು ಹೀಗೆ ಬಹಳ ದಿನ ನಡೆಯುವುದಿಲ್ಲ ಎಂದು ಆವತ್ತೇ ಅಂದುಕೊಂಡೆ.

ಹೋದ ವರ್ಷ ಬೇಸಿಗೆ ಕಳೆದ ಮೇಲೆ ಒಂದು ರವಿವಾರ ಕೂಸು ಬಂತು. ಸೊಂಟಕ್ಕೆ ಕಟ್ಟಿದ ಟಾವೆಲ್ಲಿನ ಉಡಿ ತುಂಬ ನಿಂಬೆಕಾಯಿ ಇತ್ತು. ತೋಟದವರು ಕೊಟ್ಟರೆ ಹಾಗೇ ಕಟ್ಟಿಕೊಂಡು ಬರುತ್ತದೆ. ಕಾಯಿ ಬುಟ್ಟಿಗೆ ಸುರಿದು, ನೀರು ಕುಡಿದು, ಮಷೀನಿನ ಎದುರಿಗೆ ನೆಲದ ಮೇಲೆ ಕುಳಿತಿತು.

“ಆಯಿ, ಒಂದ ಮಾತ ಹೇಳೂದೈತಿ. ಮಷೀನ ನಿಂದ್ರಸು.”

“ನನ್ನ ಕಿವಿ ಮಷೀನದಾಗ ಇಲ್ಲ. ಹೇಳು.”

“ಎದಿ ತಗಸ್ಕೋತೇನಿ. ಆಪರೇಷನ್ ಮಾಡಿಸಿ.”

ಮಷೀನು ನಿಲ್ಲಿಸಿದೆ.

“ಗಂಟ ಗಿಂಟ ಆಗೇತೇನ?”

“ಏನೂ ಆಗಿಲ್ಲ. ಅದು ಚಲೋನ ಐತಿ. ಚಲೋ ಇದ್ದದ್ದ ನನಗ ತ್ರಾಸು.”

ಆಮೇಲೆ ಎಲ್ಲ ಹೇಳಿತು. ಮನಸ್ಸಿನ ಡಾಕ್ಟರರ ಹತ್ತಿರ ತಿಂಗಳುಗಟ್ಟಲೆ ಹೋಗಿದೆ. ಅವರು ಕೇಳುವುದನ್ನೆಲ್ಲ ಕೇಳಿ, ಇದಕ್ಕೆ ಬುದ್ಧಿ ನೆಟ್ಟಗಿದೆ, ಇದಕ್ಕೆ ಬೇಕಾದದ್ದು ಇದೇ ಎಂದು ಬರೆದು ಕೊಟ್ಟಿದ್ದಾರೆ. ದೊಡ್ಡ ಊರಿನ ಆಸ್ಪತ್ರೆಯ ಡಾಕ್ಟರು ಒಪ್ಪಿದ್ದಾರೆ. ಒಂದೇ ತೊಡಕು. ಆಪರೇಷನ್ ಆಗಿ ಗಾಯ ಮಾಯುವ ತನಕ ಜೊತೆಗಿರಲು ಮನೆಯವರು ಒಬ್ಬರಾದರೂ ಬರಬೇಕು. ಬರುವವರಿಲ್ಲದಿದ್ದರೆ ಆ ಆಸ್ಪತ್ರೆಯವರು ತಾರೀಖು ಕೊಡುವುದಿಲ್ಲ.

ನಾನು ಕೇಳಬೇಕಾದದ್ದನ್ನು ಕೇಳಿದೆ. ಹೊಲಿಗೆಯನ್ನಾದರೆ ಬಿಚ್ಚಬಹುದು, ಕತ್ತರಿ ಹಾಕಿದ್ದನ್ನು ಏನು ಮಾಡುತ್ತೀರಿ? ಜಂಪರು ಕೆಟ್ಟರೆ ಇನ್ನೊಂದು ಖಣ ತರಬಹುದು. ಇದು ಖಣ ಅಲ್ಲ.

“ತಗಸಿದ ಮ್ಯಾಲೆ ಮತ್ತ ಬೇಕನಿಸಿದ್ರ?”

“ಅದನ್ನ ಡಾಕ್ಟರೂ ಕೇಳಿ ಕೇಳಿ ಸಾಕಾಗ್ಯಾರ ಆಯಿ.”

“ಅವ್ರಿಗೆ ಸಾಕಾಗಿರಬೇಕು, ನನಗ ಆಗಿಲ್ಲ. ಬೇಕನಿಸಿದ್ರ?”

“ಅದು ಬಂದಾಗಿಂದ ಬ್ಯಾಡ ಅನಿಸೇತಿ. ಒಂದ ದಿನಾನೂ ಬೇಕನಿಸಿಲ್ಲ.”

“ಆಮ್ಯಾಲೆ ಗಂಡಸಾಗ್ತಿಯೇನು?”

“ಇಲ್ಲ. ಈಗ ಏನ ಅದೇನಿ ಅದ. ಬರೇ ಆ ಪಟ್ಟಿ ಇಲ್ಲದ್ದು.”

“ಅಪ್ಪಗ ಹೇಳಿದಿ?”

“ಹೇಳಿದೆ. ಫೋನ ಇಟ್ಟಬಿಟ್ಟ.”

ಅದರ ದನಿ ಅಲ್ಲಿ ಸ್ವಲ್ಪ ಕೆಳಗಿಳಿಯಿತು. ನಾನು ಮತ್ತೆ ಮಷೀನು ತುಳಿದೆ. “ನಾ ಬರ್ತೇನಿ. ಏಳು, ಚಾ ಮಾಡು. ಸಕ್ಕರಿ ಕಡಿಮಿ ಹಾಕು” ಎಂದೆ.

ಮುಂದಿನ ರವಿವಾರವೂ ಕೂಸು ಇಂಡಿಯಿಂದ ಬಂದಿತ್ತು. ಬಾಗೇವಾಡಿ ಬಸ್ಸಿಗೆ ಮಗ ಬಂದ, ಹೆಂಡತಿಯನ್ನೂ ಕರೆದುಕೊಂಡು. ಚಪ್ಪಲಿ ಬಿಡುವ ಮೊದಲೇ ಬಾಯಿ ಬಿಟ್ಟ.

“ಯವ್ವಾ, ಅದಕ್ಕ ಬುದ್ಧಿ ಹೇಳೂದ ಬಿಟ್ಟು ನೀನ ಮುಂದಾಗಿ ಹೊಂಟಿಯಂತಲ್ಲ? ಜಡ್ಡ ಇದ್ರ ಆಪರೇಷನ್ ಮಾಡಸ್ತಾರ. ನೆಟ್ಟಗಿರೋ ಮೈಗೆ ಯಾರರೆ ಕತ್ತರಿ ಹಚ್ಚತಾರೇನು?”

“ನೆಟ್ಟಗಿರೋ ತಲಿಗೆ ನೀ ತಿಂಗಳಿಗೊಮ್ಮಿ ಕರೇ ಬಣ್ಣ ಹಚ್ಚತೀಯಪಾ.”

“ಅದೂ ಇದೂ ಒಂದೇನು?”

“ಒಂದಲ್ಲ. ನೀ ಮಂದಿಗೆ ಕಾಣ್ಲಿ ಅಂತ ಹಚ್ಚತಿ. ಇದು ತನಗ ಬೇಕಂತ ಮಾಡಸ್ಕೋತೈತಿ.”

ಅವನು ಮಾಸ್ತರ, ಮಾತಿಗೆ ಕಡಿಮೆಯಿಲ್ಲ. ಮಾನ, ಮರ್ಯಾದೆ, ಬೀಗರು, ಸಾಲೆ ಎಲ್ಲ ತಂದ. ಯಾವುದಾದರೂ ಗುಡಿಗೆ ಕರೆದುಕೊಂಡು ಹೋಗೋಣ, ದೇವರ ಕಾಟ ಇರಬಹುದು ಅಂದ. ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆ ಅಂದ. “ಮದವಿ ಆದ ಮ್ಯಾಲೆ ನೀ ಏನ್ ಸರಿಹೋದಿ?” ಎಂದು ಕೇಳಿದೆ.

ಸೊಸೆ ಒಳಬಾಗಿಲಲ್ಲಿ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಅವಳು ಗಂಡನ ಮಾತಿನ ನಡುವೆ ಬಾಯಿ ಹಾಕುವವಳಲ್ಲ. ಆವತ್ತು ತಲೆ ಎತ್ತದೆ ಹೇಳಿದಳು:

“ಸಾಲಿ ಸೂಟಿಗೆ ಮನಿಗೆ ಬಂದಾಗ ಬಚ್ಚಲದಾಗಿನ ಕನ್ನಡಿಗೆ ಟಾವೆಲ್ ಹೊಚ್ಚಿ ಜಳಕಾ ಮಾಡ್ತಿತ್ತು. ಒಂದ ಸಲಾನೂ ತಪ್ಪಸಿಲ್ಲ. ನಿಮಗ ಗೊತ್ತಿಲ್ಲ. ನನಗ ಗೊತ್ತೈತಿ.”

ಮಗ ಅವಳ ಮುಖ ನೋಡಿದ, ನನ್ನ ಮುಖ ನೋಡಿದ. ಕೂಸಿನ ಮುಖ ಮಾತ್ರ ನೋಡಲಿಲ್ಲ.

“ಮಂದಿ ಕೇಳಿದ್ರ ನಾ ಏನ್ ಹೇಳಬೇಕು?” ಅಂದ. ಅಲ್ಲಿಗೆ ಅವನ ನಿಜವಾದ ಸಂಕಟ ಹೊರಬಿತ್ತು.

“ಖರೇ ಹೇಳು.”

“ಅದಾಗೂದಿಲ್ಲ. ಎದಿಯಾಗ ಗಂಟಾಗಿತ್ತು, ತಗಸಿದ್ವಿ ಅಂತ ಹೇಳ್ತೇನಿ. ನಿನ್ನ ಕಡೆ ಜಂಪರ್ ಹೊಲಸಾಕ ಬರ್ತಾರಲ್ಲ ಅಂಥಾ ಹೆಣ್ಮಕ್ಕಳು, ಹಂಗ. ಅದಕ್ಕಾದ್ರ ಹೂಂ ಅಂತೇನಿ.”

“ನಿನ್ನ ಬಾಯಿ, ಏನರೆ ಹೇಳ್ಕೋ. ನನ್ನ ಬಾಯಿಂದ ಹೇಳ್ಸಬ್ಯಾಡ.”

ಕೂಸಿಗೆ ತಾರೀಖು ಬೇಕಾಗಿತ್ತು, ಜಗಳ ಬೇಕಾಗಿರಲಿಲ್ಲ.

ಇಂಡಿ ರೋಡ್ ಸ್ಟೇಷನ್ನಿನಲ್ಲಿ ರೈಲು ಹತ್ತಿದೆವು. ನಾನು ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡಿದ್ದೆ. ಆಸ್ಪತ್ರೆಯ ಊಟಕ್ಕೆ ಉಪ್ಪು ಖಾರ ಇರುವುದಿಲ್ಲ ಎಂದು ಕೇಳಿ ಗೊತ್ತಿತ್ತು, ಅದು ಖರೆಯೇ. ಅಲ್ಲಿ ಮೊದಲು ಸಿಕ್ಕ ನರ್ಸು, ಚಿಕ್ಕ ವಯಸ್ಸಿನವಳು, ಕೂಸನ್ನೂ ಕಾಗದವನ್ನೂ ಮೇಲೆ ಕೆಳಗೆ ನೋಡಿ ನನ್ನನ್ನು ಬದಿಗೆ ಕರೆದಳು.

“ಅಜ್ಜಿ, ಪೇಷಂಟ್ ಹೆಂಗಸರ ವಾರ್ಡಿಗಾ ಗಂಡಸರ ವಾರ್ಡಿಗಾ?”

“ಪೇಷಂಟಿನ ವಾರ್ಡ್ ಇಲ್ಲೇನವಾ?” ಎಂದೆ.

ಅವಳು ನಕ್ಕು, ಯಾರನ್ನೋ ಕೇಳಿ ಬಂದು, ಮೂಲೆಯ ಒಂದು ಸಣ್ಣ ಖೋಲಿ ಕೊಟ್ಟಳು. ಕಿಟಕಿ ಇತ್ತು. ಅದಕ್ಕಿಂತ ಹೆಚ್ಚಿನದು ನಮಗೆ ಬೇಕಾಗಿರಲಿಲ್ಲ.

ಆಪರೇಷನ್ ಮಾಡುವ ಡಾಕ್ಟರು ಹೆಣ್ಣುಮಗಳು. ಕುರ್ಚಿ ಎಳೆದುಕೊಂಡು ನನ್ನ ಎದುರಿಗೇ ಕುಳಿತು ಕೇಳಿದರು, “ಅಜ್ಜಿ, ಏನು ಆಪರೇಷನ್ ಅಂತ ನಿಮಗೆ ಗೊತ್ತಿದೆಯಾ?”

“ಗೊತ್ತೈತ್ರಿ. ಎರಡೂ ತಗೀತೀರಿ. ನನಗ ಗೊತ್ತಿಲ್ಲದ್ದು ಒಂದ ಐತ್ರಿ, ಹೊಲಿಗಿ ಹ್ಯಾಂಗ ಹಾಕ್ತೀರಿ?”

ಅವರು ಒಂದು ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದರು. ಇಲ್ಲಿಂದ ಇಲ್ಲಿಗೆ ಕೊಯ್ಯುತ್ತೇವೆ, ಒಳಗಿನದನ್ನು ತೆಗೆಯುತ್ತೇವೆ, ಮೊಲೆತೊಟ್ಟು ಸಣ್ಣದು ಮಾಡಿ ಮೇಲೆ ಕೂರಿಸುತ್ತೇವೆ. ಒಳಗಿನ ದಾರ ತಾನೇ ಕರಗುತ್ತದೆ, ಗಾಯದ ಗುರುತು ಉಳಿಯುತ್ತದೆ, ವರ್ಷ ಕಳೆದಂತೆ ತಿಳಿಯಾಗುತ್ತದೆ. ಕರಗುವ ದಾರದ ಸಂಗತಿ ನನಗೆ ಹೊಸದು. ನಮಗೂ ಅಂಥ ದಾರ ಸಿಕ್ಕರೆ ಕಚ್ಚಾ ಹೊಲಿಗೆ ಬಿಚ್ಚುವ ಕೆಲಸ ತಪ್ಪುತ್ತದೆ ಎಂದೆ. ಅವರು ಬಾಯಿಗೆ ಕೈ ಹಿಡಿದು ನಕ್ಕರು. ನಾನು ಸಹಿ ಮಾಡಿದೆ. ಹೆಬ್ಬೆಟ್ಟು ಒತ್ತಲು ಮಸಿ ತಂದಿದ್ದರು, ಅದನ್ನು ವಾಪಸು ಕಳಿಸಿದೆ.

ಒಳಗೆ ಹೋಗುವಾಗ ಕೂಸಿನ ಕೈ ತಣ್ಣಗಾಗಿತ್ತು. “ಅಂಜಿಕಿ ಬಂದೈತೇನ?” ಎಂದೆ. “ಹೂಂ, ಆದ್ರೂ ಹೋಗ್ತೇನಿ” ಅಂದಿತು. ಸರಿ, ಹೋಗು ಅಂದೆ. ಹೊರಗೆ ಬೆಂಚಿನ ಮೇಲೆ ಕುಳಿತು ಒಂದು ಜಂಪರಿಗೆ ಹುಕ್ಕು ಹಚ್ಚಿ ಮುಗಿಸಿದೆ, ಇನ್ನೊಂದಕ್ಕೆ ಶುರು ಮಾಡಿದೆ. ಕೈ ಸುಮ್ಮನಿದ್ದರೆ ತಲೆ ಇಲ್ಲದ್ದೆಲ್ಲ ಹೊಲಿಯುತ್ತದೆ.

ಹೊರಗೆ ತಂದಾಗ ಎರಡೂ ಬದಿಗೆ ನಳಿಕೆ, ನಳಿಕೆಗೆ ಸಣ್ಣ ಬಾಟಲಿ, ಮೈಗೆ ಬಿಗಿ ಬನಿಯನ್ನು. ಎಚ್ಚರಾದಾಗ ಮೊದಲು ಕೇಳಿದ್ದು, “ಆಯಿ, ಆತೇನು?” “ಆತು. ಸುಮ್ಕ ಮಕ್ಕೋ” ಎಂದೆ. ಕಣ್ಣಂಚಿನಿಂದ ನೀರು ಇಳಿದು ಕಿವಿಗೆ ಹೋಯಿತು. ಒರೆಸಿದೆ. ಕಿವಿಯಲ್ಲಿ ನೀರು ನಿಲ್ಲಬಾರದು.

ಬಾಟಲಿ ತೆಗೆದು, ಹೊಲಿಗೆ ನೋಡಿ, ಡಾಕ್ಟರು ಮನೆಗೆ ಕಳಿಸಿದರು. ಭಾರ ಎತ್ತಬಾರದು, ಕೈ ತಲೆಯ ಮೇಲೆ ಒಯ್ಯಬಾರದು, ಇನ್ನೂ ಕೆಲವು ವಾರ ಗಾಡಿ ಹೊಡೆಯಬಾರದು. ಸಿಂದಗಿಗೆ ಬಂದ ಮೇಲೆ ಒಂದು ಮಧ್ಯಾಹ್ನ ಅಡುಗೆಮನೆಯಿಂದ ಹೊರಗೆ ಬಂದೆ. ಕೂಸು ಅಂಗಿಯ ಜಿಪ್ಪು ಪೂರಾ ಬಿಚ್ಚಿ ಫ್ಯಾನಿನ ಕೆಳಗೆ ನಿಂತಿತ್ತು. ಕನ್ನಡಿ ಎದುರಿಗೇ ಇತ್ತು, ಅದರ ಮೇಲೆ ಟಾವೆಲ್ಲು ಇರಲಿಲ್ಲ.

“ಆಯಿ, ಎದಿಗೆ ಗಾಳಿ ಬಡೀತೈತಿ!”

“ಫ್ಯಾನ ಹಾಕಿದ್ರ ಗಾಳಿ ಬಡೀದ ಮಳಿ ಬೀಳ್ತೈತೇನು?” ಎಂದು ಒಳಗೆ ಹೋದೆ. ಹೋಗಿ ಹಾಲು ಉಕ್ಕಿಸಿದೆ. ಉಕ್ಕಿದ್ದು ನಾನು ನೋಡಲಿಲ್ಲ, ಅಷ್ಟು ಹೇಳಿದರೆ ಸಾಕು.

ಅಷ್ಟರಲ್ಲಿ ಮಗನ ಗಂಟು ಊರೂರು ಸುತ್ತಿ ಬಂದಿತ್ತು. ಜಡ್ಡಿನವರನ್ನು ಮಾತಾಡಿಸಲು ಬರುವುದು ನಮ್ಮಲ್ಲಿ ರೂಢಿ. ಬಾಗೇವಾಡಿಯಿಂದ ಬಂದರು, ಮುದ್ದೇಬಿಹಾಳದಿಂದ ಬಂದರು, ಎದುರು ಮನೆಯವರು ದಿನಾ ಬಂದರು. ಬ್ರೆಡ್ಡು, ಬಿಸ್ಕೀಟು, ಎಳನೀರು. ಬ್ರೆಡ್ಡು ತಿನ್ನುವವರಿಲ್ಲದೆ ಎಮ್ಮೆಗೆ ಹಾಕಿದೆ. ಬಂದವರು ಬಾಗಿಲಲ್ಲೇ ದನಿ ತಗ್ಗಿಸುತ್ತಿದ್ದರು. ಒಬ್ಬಳು ಕೂಸಿನ ತಲೆ ಸವರಿ, “ಎರಡೂ ತಗದ್ರಂತ? ಒಂದರೆ ಉಳಸಬಾರದಾಗಿತ್ತ?” ಎಂದು ಕಣ್ಣಿಗೆ ಸೆರಗು ಹಚ್ಚಿದಳು. ಇನ್ನೊಬ್ಬಳು, ಇಂಥದ್ದೇ ಗಂಟಾಗಿ ಸತ್ತ ತನ್ನ ನಾದಿನಿಯ ಕಥೆಯನ್ನು ಮೊದಲಿನಿಂದ ಕೊನೆಯ ತನಕ ಹೇಳಿ ಚಹಾ ಕುಡಿದು ಹೋದಳು.

ಅವರು ಹೋದ ಮೇಲೆ ಕೂಸು, “ಆಯಿ, ನಾ ಹುಟ್ಟಿದ ಮ್ಯಾಲೆ ಇಷ್ಟ ಆರಾಮ ಎಂದೂ ಇರಲಿಲ್ಲ. ಇವ್ರು ನೋಡಿದ್ರ ನನ್ನ ತಿಥಿಗೆ ಬಂದಂಗ ಬರಾಕತ್ತಾರ” ಅಂದಿತು. ನಗುತ್ತಲೇ ಅಂದಿತು. ಆದರೆ ಬಾಗಿಲು ಸಪ್ಪಳವಾದರೆ ಒಳಗೆ ಎದ್ದು ಹೋಗುವುದನ್ನು ರೂಢಿ ಮಾಡಿಕೊಂಡಿತ್ತು. ಅದು ನನಗೆ ಸರಿ ಬರಲಿಲ್ಲ.

ಆಮೇಲೆ ನಿಡಗುಂದಿಯಿಂದ ನನ್ನ ಮಗಳು ಬಂದಳು. ಕೂಸಿನ ಸೋದರತ್ತೆ. ಬಾಯಿ ದೊಡ್ಡದು, ಮನಸ್ಸೂ ಅಷ್ಟೇ, ವಿಚಾರ ಮಾತ್ರ ತಡ. ಆವತ್ತು ಮಗ ಸೊಸೆ ಕೂಡ ಬಂದಿದ್ದರು. ಎದುರು ಮನೆಯವಳು ಹೊರಸಿನ ಮೇಲೆ ಆಗಲೇ ಕುಳಿತಿದ್ದಳು. ಮಗಳು ಬಂದವಳೇ ಕೂಸಿನ ಗಲ್ಲ ಹಿಡಿದು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ದೊಡ್ಡ ಚೀಲದಿಂದ ಹಸಿರು ಸೀರೆ ತೆಗೆದಳು. ಅದರ ಮೇಲೆ ಹಸಿರು ಖಣ ಇಟ್ಟಳು. ಕೆಂಪು ದಡಿ, ಚಲೋ ನೇಯ್ಗೆ, ಕೈಗೆ ಹಿಡಿದರೆ ತೂಕ ಇತ್ತು.

“ಯವ್ವಾ, ಇದನ್ನ ಶುಕ್ರವಾರದೊಳಗ ಹೊಲಿದಿಡು. ಆಪರೇಷನ್ ದಿವಸ ತಂಗಡಗಿ ಹೊಳಿದಂಡಿ ದೇವಿಗೆ ಬೇಡಕೊಂಡೇನಿ. ಇಕಿಗೆ ದೇವಿ ಮುಂದ ಹಸರ ಸೀರಿ ಉಡಿಸಿ ಉಡಿ ತುಂಬ್ತೇನಿ ಅಂತ. ಐದ ಮಂದಿ ಮುತ್ತೈದೇರಿಗೆ ಹೇಳಿ ಬಂದೇನಿ.”

ಅವಳು ಬಾಗಿ ನನ್ನ ಕಿವಿಯ ಹತ್ತಿರ ಅಂದಳು. ಅವಳ ಗುಟ್ಟು ಅಂದರೆ ಓಣಿಗೆಲ್ಲ ಕೇಳುವಂಥದ್ದು.

“ಒಳಗ ಹತ್ತಿ ಇಟ್ಟು ಹೊಲಿ. ಎರಡೂ ಬಾಜೂಕ. ಮಂದಿಗೆ ಗೊತ್ತಾಗಬಾರದು, ಪಾಪ.”

ಕೂಸು ಎದ್ದಿತು. ಗೋಡೆಯ ಮೊಳೆಯಿಂದ ತನ್ನ ಚೀಲ ತೆಗೆದುಕೊಳ್ಳಲು ಕೈ ಎತ್ತಲು ಹೋಗಿ, ನೋವಾಗಿ, ಇನ್ನೊಂದು ಕೈಯಿಂದ ತೆಗೆದುಕೊಂಡಿತು.

“ಎಲ್ಲಿಗೆ?” ಎಂದೆ.

“ಇಂಡಿಗೆ. ಗಾಡಿ ಹೊಡಿಯೂದಿಲ್ಲ, ಬಸ್ಸಿಗೆ ಹೋಗ್ತೇನಿ.”

“ಮತ್ತ ಯಾವಾಗ ಬರ್ತಿ?”

“ಹತ್ತಿ ಇಟ್ಕೊಂಡ ಬಾ ಅನ್ನೂ ಮನಿಗೆ ನಾ ಬರೂದಿಲ್ಲ ಆಯಿ.”

ಅದು ಸಿಟ್ಟಿನಿಂದ ಹೇಳಲಿಲ್ಲ. ಪೈಪಿನ ಅಳತೆ ಹೇಳುವಂತೆ ಹೇಳಿತು. ಹೋದರೆ ಬರುವುದಿಲ್ಲ ಎಂದು ನನಗೆ ತಿಳಿಯಿತು. ಅದು ಯಾರ ಮೊಮ್ಮಗು? ನನ್ನದೇ.

“ಚೀಲ ಇಡು” ಎಂದೆ. ಮಗಳ ಕಡೆಗೆ ತಿರುಗಿದೆ. “ಕೇಳಿಲ್ಲೆ. ಗಂಟ ಇರಲಿಲ್ಲ.”

ಮಗ, “ಯವ್ವಾ…” ಅಂದ.

“ನಿನ್ನ ಬಾಯಿಂದ ನೀ ಹೇಳಿದಿ. ಈಗ ನನ್ನ ಬಾಯಿ. ಗಂಟ ಇರಲಿಲ್ಲ, ಕ್ಯಾನ್ಸರ್ ಇರಲಿಲ್ಲ. ಕೂಸಿಗೆ ಎದಿ ಬ್ಯಾಡಾಗಿತ್ತು, ತಗಸ್ಕೊಂಡು ಬಂದೈತಿ. ನಾನ ಸಂಗಾಟ ಹೋಗಿದ್ದೆ. ಅದು ಹೆಣ್ಣೂ ಅಲ್ಲ ಗಂಡೂ ಅಲ್ಲ ಅಂತ ಸಣ್ಣದಿದ್ದಾಗ ಹೇಳೇತಿ, ಈಗೂ ಅದನ್ನ ಹೇಳತೈತಿ. ನಮ್ಮ ಯಾರ ಮಾತೂ ಅಷ್ಟ ವರ್ಷ ಒಂದ ಥರಾ ಇರೂದಿಲ್ಲ.”

ಹೊರಸಿನ ಮೇಲಿನವಳು ಬಾಯಿ ತೆರೆದಳು. “ಅಯ್ಯ ನಮ್ಮವ್ವಾ! ಹಂಗಾರ ಇದರ ಮದವಿ?”

“ನಿನ್ನ ಮಗಂದು ಎರಡ ಸಲಾ ಮುರದೈತಿ. ಮೊದಲ ಅದನ್ನ ನೋಡ್ಕೊ. ಚಾ ಕುಡದಿಯಿಲ್ಲೋ?”

ಕುಡಿದಿದ್ದಳು. ಎದ್ದು ಹೋದಳು, ಓಣಿಯ ಉಳಿದ ಮನೆಗಳಿಗೆ ಸುದ್ದಿ ಮುಟ್ಟಿಸಲು. ಆ ಕೆಲಸ ನನಗೆ ತಪ್ಪಿತು. ಮಗನೂ ಅವಳ ಹಿಂದೆಯೇ ಹೊರಗೆ ಹೋದ. ಅವನು ಹೋದದ್ದು ಬೇರೆ ಕಡೆಗೆ, ಬೇವಿನ ಕಟ್ಟೆಗೆ.

ಮಗಳು ಖಣ ಕೈಯಲ್ಲಿ ಹಿಡಿದು ಹಾಗೇ ನಿಂತಿದ್ದಳು. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳಿಗೆ ಬೇರೆಯದೇ ಚಿಂತೆ.

“ಹಂಗಾರ ನನ್ನ ಹರಕಿ? ದೇವಿಗೆ ಸುಳ್ಳ ಹೇಳಿದಂಗಾತಲ್ಲ ಯವ್ವಾ! ಇಲ್ಲದ ಜಡ್ಡಿಗೆ ಬೇಡಕೊಂಡೇನಿ. ಹರಕಿ ತೀರಸ್ಲಿಲ್ಲಂದ್ರ ನಮ್ಮ ಮನ್ಯಾಗ ಯಾರಿಗೆ ಏನಾಕ್ಕೈತೋ!”

“ಏನಂತ ಬೇಡಕೊಂಡಿದ್ದಿ? ನೆನಪ ಮಾಡಿ ಹೇಳು.”

“ಕೂಸು ಜೀವಂತ ಮನಿಗೆ ಬರ್ಲಿ ಅಂತ.”

“ಗಂಟ ಹೋಗ್ಲಿ ಅಂತ ಬೇಡಿಲ್ಲ?”

“ಇಲ್ಲ. ಜೀವಂತ ಮನಿಗೆ ಬರ್ಲಿ ಅಂತಷ್ಟ.”

“ಬಂದೈತಿಲ್ಲೋ? ಇಲ್ಲೇ ನಿಂತೈತಿ ನೋಡು. ಇಷ್ಟೊತ್ತನಾಗ ಹೋಗಾಕ ಹತ್ತಿತ್ತು, ನಿನ್ನ ಹತ್ತಿ ಸಲವಾಗಿ.”

ಅವಳು ಕೂಸನ್ನು ನೋಡಿದಳು. ಬಂದಾಗಿನಿಂದ ಅಳುತ್ತಿದ್ದವಳು ಮೊದಲ ಸಲ ಸರಿಯಾಗಿ ನೋಡಿದ್ದು ಆವಾಗಲೇ ಇರಬೇಕು. ಕೂಸು ಚೀಲ ಇನ್ನೂ ಹಿಡಿದುಕೊಂಡೇ ಇತ್ತು.

“ಅತ್ತಿ, ನಿನ್ನ ಹರಕಿಗೆ ನಾ ಬರ್ತೇನಿ. ಸೀರಿ ಉಡೂದಿಲ್ಲ” ಅಂದಿತು.

“ಸೀರಿ ಉಡ್ಲಿಲ್ಲಂದ್ರ ಉಡಿ ಎದರಾಗ ತುಂಬ್ಲೋ ನನ್ನಪ್ಪಾ? ಸೆರಗ ಎಲ್ಲೈತಿ?”

“ನಿಂಬೀಕಾಯಿ ಎದರಾಗ ತರತೈತಿ ಅದು?” ಎಂದೆ ನಾನು. “ತೋಟದಾಗ ಗಂಡಸರು ಹೆಣ್ಮಕ್ಕಳು ಎಲ್ಲಾರೂ ಟಾವೆಲ್ ಕಟ್ಕೊಂಡ ಉಡಿ ಮಾಡ್ಕೋತಾರ. ಅದ ಟಾವೆಲ್ ಕಟ್ಕೊಂಡ ಬರತೈತಿ. ಅದರಾಗ ಅಕ್ಕಿ ಹಾಕು.”

“ಟಾವೆಲ್ಲಿನಾಗ ಉಡಿ ತುಂಬಿದ್ರ ಐದೂ ಮಂದಿ ನಗ್ತಾರ.”

“ನಗ್ಲಿ. ಅವ್ರಿಗೆ ಹೋಳಿಗಿ ಊಟ ಐತಿಲ್ಲೋ? ಉಣ್ಣೂ ಮುಂದ ಸುಮ್ಕಾಗ್ತಾರ.”

ಸೊಸೆ ಒಳಗಿನಿಂದ ನಕ್ಕದ್ದು ಕೇಳಿಸಿತು. ಮಗಳು ನಗಲಿಲ್ಲ. ಸೀರೆಯನ್ನು ಮಡಚಿ ಚೀಲಕ್ಕೆ ಹಾಕಿದಳು, ನಾನು ಕೊಟ್ಟ ಚಹಾ ಕುಡಿಯಲಿಲ್ಲ, ಸಂಜೆಯ ಬಸ್ಸಿಗೆ ಹೊರಟಳು. ನಿಡಗುಂದಿಗೆ ಹೋಗುವ ತನಕ ನನ್ನನ್ನು ಬೈದುಕೊಂಡೇ ಹೋಗಿರುತ್ತಾಳೆ. ಆದರೆ ಹೊಸ್ತಿಲು ದಾಟಿ ತಿರುಗಿ ನಿಂತಳು.

“ಶುಕ್ರವಾರ ಹೊತ್ತ ಏರೂದರೊಳಗ ತಂಗಡಗ್ಯಾಗ ಇರ್ರಿ. ತಡಾ ಮಾಡಿದ್ರ ನಾ ಹಾದಿ ನೋಡೂದಿಲ್ಲ.” ಆಮೇಲೆ ಕೂಸಿಗೆ, “ಟಾವೆಲ್ ಹೊಸಾದು ತಾ. ಆ ಮಣ್ಣ ಮೆತ್ತಿದ್ದು ತರಬ್ಯಾಡ” ಅಂದಳು.

ಖಣ ಮಷೀನಿನ ಮೇಲೆಯೇ ಇತ್ತು. ಮರೆತದ್ದಲ್ಲ. ನನ್ನ ಮಗಳು ಬಸ್ಸಿನಲ್ಲಿ ಒಂದು ಬಾಳೆಹಣ್ಣು ಬಿಟ್ಟಿದ್ದರೂ ತಿರುಗಿ ಹೋಗಿ ತರುವವಳು.

ಮಗ ದೀಪ ಹಚ್ಚುವ ಹೊತ್ತಿಗೆ ಬಂದ. ಯಾರ ಮುಖವನ್ನೂ ನೋಡದೆ ಕೈಕಾಲು ತೊಳೆದುಕೊಂಡ. ಆಮೇಲೆ ನನಗೆ ಹೇಳಿದ, ಕೂಸು ಎರಡು ಮಾರು ದೂರದಲ್ಲೇ ಇತ್ತು: “ಇಂಡಿಗೆ ಬಸ್ಸಿಗೆ ಹೋಗೂದ ಬ್ಯಾಡನ್ನು. ಆ ರಸ್ತಾ ಸರಿ ಇಲ್ಲ, ಧಕ್ಕಿ ಹತ್ತತೈತಿ.”

“ಅದಕ್ಕ ಹೇಳು. ಕಿವಿ ತಗಸಿಲ್ಲ ಅದು” ಎಂದೆ.

ಅವನು ಹೇಳಲಿಲ್ಲ. ಆದರೆ ಊಟಕ್ಕೆ ಕುಳಿತಾಗ, ಕೂಸಿನ ಕೈಗೆ ಎಟುಕದ ಉಪ್ಪಿನಕಾಯಿ ಭರಣಿಯನ್ನು ಅದರ ಕಡೆಗೆ ಸರಿಸಿದ. ನಾನು ಅದಕ್ಕಿಂತ ಹೆಚ್ಚಿಗೆ ಅವನಿಂದ ಆವತ್ತು ಕೇಳಲಿಲ್ಲ.

ಮರುದಿನ ಬೆಳಗ್ಗೆ ಕಸ ಹೊಡೆದು, ಎಮ್ಮೆ ಹಿಂಡಿ, ಮಷೀನಿಗೆ ಎಣ್ಣೆ ಬಿಟ್ಟೆ. ಕೂಸನ್ನು ಕರೆದು ಬಾಗಿಲ ಬೆಳಕಿಗೆ ನಿಲ್ಲಿಸಿದೆ, ಟೇಪು ಸುತ್ತಿದೆ. ಅದು ಉಸಿರು ಹಿಡಿಯಲಿಲ್ಲ. ಖಣ ಒಂದು ಜಂಪರಿಗಷ್ಟೇ ಸಾಲುವ ಬಟ್ಟೆ. ಹಾಗಾಗಿ ಅಂಗಿಯ ಮುಂಭಾಗ ಎರಡೂ ಹಸಿರು ಖಣದ್ದು, ಬೆನ್ನು ತೋಳು ಮನೆಯಲ್ಲಿದ್ದ ಬಿಳಿ ಕಾಟನ್ನಿನದು ಎಂದು ಕತ್ತರಿಸಿದೆ. ಟಕ್ಸ್ ಹಿಡಿಯಲಿಲ್ಲ. ಪೇಟೆಯಲ್ಲಿ ಜಿಪ್ಪಿನ ಅಂಗಡಿ ಇನ್ನೂ ತೆರೆದಿರಲಿಲ್ಲ, ಡಬ್ಬಿಯಲ್ಲಿ ಗುಂಡಿ ಇದ್ದವು.

“ಯಾವ ಕೈ ಇನ್ನೂ ನೋಯತೈತಿ?” ಎಂದೆ.

“ಎಡಗೈ. ಎತ್ತಾಕ ಬರೂದಿಲ್ಲ.”

ಬಲಗೈಗೆ ಹಗುರವಾಗಿ ಸಿಗುವ ಬದಿಗೆ ಗುಂಡಿ ಹಚ್ಚಿದೆ. ಅದು ಗಂಡಸರ ಬದಿಯೋ ಹೆಂಗಸರ ಬದಿಯೋ ಎಂದು ಅದೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕಾಜಾ ಹೊಲಿದು ದಾರ ಕಡಿದು ಅಂಗಿ ಅದರ ಕೈಗೆ ಕೊಟ್ಟೆ. ಆಮೇಲೆ ಪೇಟೆಗೆ ಹೋಗಿ ಹೊಸ ಟಾವೆಲ್ಲು ತಂದೆ.